ಹಾಜರಿ ಪುಸ್ತಕದ ನ್ಯಾಯ

ಪೀಣ್ಯದ ಕಾರ್ಖಾನೆಯೊಂದರಲ್ಲಿ ರಾತ್ರಿಪಾಳಿ ಮುಗಿಸಿ ನೇರವಾಗಿ ನನ್ನ ತರಗತಿಗೆ ಬರುತ್ತಿದ್ದ ಹುಡುಗನೊಬ್ಬನಿದ್ದ. ಕೈಗೆರೆಗಳಲ್ಲಿ ಲೇತಿನ ಎಣ್ಣೆ, ಕಣ್ಣಲ್ಲಿ ನಿದ್ದೆ. ಹಾಜರಿ ಸಾಲದೆಂದು ಪರೀಕ್ಷೆಗೆ ಅನರ್ಹರಾದವರ ಪಟ್ಟಿಯಲ್ಲಿ ಅವನ ಹೆಸರು ಬರೆದವನು ನಾನೇ. ನಿಯಮ ಎಲ್ಲರಿಗೂ ಒಂದೇ ಅಲ್ಲವೆ!

ಅದೇ ವಾರ ಹೊಸಗನ್ನಡ ಸಾಹಿತ್ಯದ ಹಿನ್ನೆಲೆಯನ್ನು ಹೇಳುವಾಗ ಮಿಲ್ಲರ್ ಸಮಿತಿಯ ಮಾತು ಬಂದಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನೇಮಿಸಿದ ಆ ಸಮಿತಿಯು ಮೈಸೂರು ಸಂಸ್ಥಾನದ ಹಿಂದುಳಿದವರಿಗೆ ಸರಕಾರಿ ಹುದ್ದೆಗಳಲ್ಲಿ ಪಾಲನ್ನೂ ಅವರ ಮಕ್ಕಳಿಗೆ ವಿದ್ಯಾರ್ಥಿವೇತನವನ್ನೂ ಸೂಚಿಸಿತು. ಅರ್ಹತೆಯೊಂದೇ ಅಳತೆಯಾಗಿರಲೆಂದ ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆಯನ್ನೇ ಬಿಟ್ಟರು. ಅವರ ಪ್ರಾಮಾಣಿಕತೆ ದೊಡ್ಡದು. ಆದರೆ ಓದಲು ಹೊತ್ತೇ ಇಲ್ಲದವನಿಗೂ ಅದೇ ಅಳತೆಯೆಂದರೆ, ಅವನ ಅರ್ಹತೆ ತಿಳಿಯುವುದು ಹೇಗೆ?

ಮರುದಿನ ಅವನಿಗಾಗಿ ಕೇಳಲು ಕಚೇರಿಗೆ ಹೋದೆ. ಪಟ್ಟಿ ಆಗಲೇ ವಿಶ್ವವಿದ್ಯಾಲಯಕ್ಕೆ ಹೋಗಿತ್ತು. ಹುಡುಗನೂ ಬರುವುದನ್ನು ನಿಲ್ಲಿಸಿದ್ದ.