ಹರಿಪುರದ ಅರಿಶಿನ, ಕುಂಟುವ ನಾಯಿ

ಸಾಂಗಲಿಗೆ ಅಂಟಿಕೊಂಡೇ ಇರುವ ಹರಿಪುರದಲ್ಲಿ ಕೃಷ್ಣೆಗೆ ವಾರಣಾ ಬಂದು ಸೇರುತ್ತದೆ. ಭಕ್ತರಿಗೆ ಇದು ಸಂಗಮೇಶ್ವರನ ಊರು. ಅರಿಶಿನದ ವ್ಯಾಪಾರಿಗಳಿಗೆ ಹಗೇವುಗಳ ಊರು. ಗಟ್ಟಿಮಣ್ಣಿನಲ್ಲಿ ಆಳವಾಗಿ ತೋಡಿದ ಆ ಗುಂಡಿಗಳಲ್ಲಿ ಕೊಂಬು ವರ್ಷಗಟ್ಟಲೆ ಹುಳ ಹಿಡಿಯದೆ ಉಳಿಯುತ್ತಿತ್ತು. 2005ರ ಮಹಾಪೂರದಲ್ಲಿ ಬಹಳಷ್ಟು ಹಗೇವು ಹಾಳಾದವು. ಸಾಂಗಲಿ ಅರಿಶಿನಕ್ಕೆ 2018ರಲ್ಲಿ ಜಿಐ ಮಾನ್ಯತೆ ಸಿಕ್ಕಿತು.

ಇಂಥ ಸೀಮೆಯಲ್ಲಿ ಮುದಿ ನಾಯಿ ಹಿಂಗಾಲು ಎಳೆಯತೊಡಗಿದರೆ ಮನೆಯವರಿಗೆ ಮೊದಲು ನೆನಪಾಗುವುದು ಅರಿಶಿನವೇ. ಹಾಲಿಗೆ ಕದಡಿ ಕುಡಿಸುತ್ತಾರೆ. ವಾರ ಕಳೆದ ಮೇಲೆ ‘ಈಗ ಅಡ್ಡಿಯಿಲ್ಲ’ ಎನ್ನುತ್ತಾರೆ. ನಿಜವಾಗಿಯೂ ಅಡ್ಡಿಯಿಲ್ಲವೇ?

ಬ್ರಿಟನ್ನಿನ ಪಶುವೈದ್ಯರು ಇದನ್ನು ಒರೆಗೆ ಹಚ್ಚಿ 2003ರಲ್ಲಿ ವರದಿ ಪ್ರಕಟಿಸಿದರು. ಸೊಂಟದ ಇಲ್ಲವೇ ಮುಂಗಾಲಿನ ಮೊಣಕೈಯ ಕೀಲು ಸವೆದ ಸಾಕುನಾಯಿಗಳಲ್ಲಿ ಕೆಲವಕ್ಕೆ ಅರಿಶಿನದ ಸಾರ, ಉಳಿದವಕ್ಕೆ ಹುಸಿಮದ್ದು. ಯಾವ ನಾಯಿಗೆ ಯಾವುದು ಎಂಬುದು ಸಾಕಿದವರಿಗೂ ಗೊತ್ತಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿಲ್ಲ. ನಾಯಿಯನ್ನು ನೆಲದಲ್ಲಿ ಕೂರಿಸಿದ ಒಂದು ಫಲಕದ ಮೇಲೆ ನಡೆಸುತ್ತಾರೆ. ಕಾಲು ಎಷ್ಟು ಭಾರ ಊರಿತೆಂದು ಅದು ಬರೆದಿಡುತ್ತದೆ. ಸಾರ ತಿಂದ ನಾಯಿಗಳು ಸುಧಾರಿಸಿವೆ ಎಂದು ವೈದ್ಯರಿಗೆ ಕಂಡಿತು. ಸಾಕಿದವರ ಲೆಕ್ಕ ಗಣನೀಯ ಎನ್ನುವ ಮಟ್ಟವನ್ನು ಸ್ವಲ್ಪದರಲ್ಲಿ ಮುಟ್ಟಲಿಲ್ಲ. ಫಲಕ ಮಾತ್ರ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವನ್ನೇನೂ ತೋರಿಸಲಿಲ್ಲ.

2012ರಲ್ಲಿ ಅಮೆರಿಕದಿಂದ ಬಂದ ಇನ್ನೊಂದು ಅಧ್ಯಯನ ಇನ್ನೂ ನಿಷ್ಠುರ. ಬರೀ ಹುಸಿಮದ್ದು ತಿಂದ ಕುಂಟು ನಾಯಿಗಳನ್ನೇ ನೋಡಿ, ಹತ್ತರಲ್ಲಿ ಸುಮಾರು ನಾಲ್ಕು ಸಲ ‘ಸುಧಾರಿಸಿದೆ’ ಎಂಬ ಭ್ರಮೆಗೆ ಸಾಕಿದವರು ಬಿದ್ದಿದ್ದರು. ವೈದ್ಯರೂ ಹೆಚ್ಚುಕಡಿಮೆ ಅಷ್ಟೇ ಸಲ ಬಿದ್ದಿದ್ದರು! ನಾಯಿಯಂತೂ ಬಾಯಿಬಿಟ್ಟು ಹೇಳುವುದಿಲ್ಲ. ಪ್ರೀತಿಯ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ.

ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಕಡೆ ದೊಡ್ಡ ಕಾಯಿಲೆ ಬಂದರೆ ‘ಮಿರಜಕ್ಕ ತೋರಿಸ್ಕೊಂಡ ಬಾ’ ಎನ್ನುವುದು ಅಲ್ಲಿನ ವಾನ್ಲೆಸ್ ಆಸ್ಪತ್ರೆ ಶುರುವಾದ ಕಾಲದಿಂದ ಬಂದ ರೂಢಿ. ನಾಯಿಯ ಕೀಲು ನೋಡುವ ತಜ್ಞರು ಬೇಕೆಂದರೆ ಅಷ್ಟು ಸಲೀಸಲ್ಲ. ಈ ಕಡೆಯವರಿಗೆ ಸಾತಾರಾ ಜಿಲ್ಲೆಯ ಶಿರವಳದಲ್ಲಿ ಪಶುವೈದ್ಯ ಕಾಲೇಜಿದೆ. ಕರ್ನಾಟಕದಲ್ಲಿ ಹಳೆಯದು 1958ರ ಹೆಬ್ಬಾಳದ ಕಾಲೇಜು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಬೇಟೆನಾಯಿಯ ತಳಿ ಕಾಯುತ್ತಿದೆ. ಅರಿಶಿನ ನಮ್ಮದು, ಓಡಿ ಓಡಿ ಕೀಲು ಸವೆಸಿಕೊಳ್ಳುವ ನಾಯಿಯೂ ನಮ್ಮದು. ಸಾಂಗಲಿಯ ಕೊಂಬನ್ನು ಮುಧೋಳದ ನಾಯಿಯ ಮೇಲೆ, ಸಾಕಿದವರ ಒಪ್ಪಿಗೆ ಪಡೆದು, ಫಲಕದ ಸಮೇತ ಪರೀಕ್ಷಿಸುವ ಕೆಲಸಕ್ಕೆ ಈ ಸಂಸ್ಥೆಗಳು ಒಟ್ಟಿಗೆ ಕೈಹಚ್ಚಬೇಕು.

ಅಲ್ಲಿಯವರೆಗೆ, ನಾಯಿ ಕುಂಟಿದರೆ ಅದು ಮನೆಯಂಗಳದಲ್ಲಿ ನಡೆಯುವುದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ ಪಶುವೈದ್ಯರಿಗೆ ತೋರಿಸಿ. ಆಸ್ಪತ್ರೆಯ ಗಾಬರಿಯಲ್ಲಿ ಎಷ್ಟೋ ನಾಯಿಗಳು ಕುಂಟುವುದನ್ನೇ ಮರೆಯುತ್ತವೆ. ನಿಮಗೆಂದು ತಂದ ನೋವಿನ ಗುಳಿಗೆಯನ್ನು ಮಾತ್ರ ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಕೆಡಿಸುತ್ತದೆ. ಬೆಕ್ಕಿನ ಪ್ರಾಣ ತೆಗೆಯಲು ಒಂದೇ ಪ್ಯಾರಾಸಿಟಮಾಲ್ ಸಾಕಾಗಬಹುದು.