ಸತ್ತ ಮೇಲೆ ಉಯಿಲಿಗೆ ಸಹಿ ಹಾಕಿದ ಅಜ್ಜ: ಕ್ವೇಕರ್ ಪೂರ್ವಜರ ಜಾಡು ಹಿಡಿಯುವುದು ಹೇಗೆ?

ಐಟಿ ಕೆಲಸದಲ್ಲಿದ್ದಾಗ ಜೊತೆಗಿದ್ದ ಅಮೆರಿಕದ ಗೆಳೆಯನೊಬ್ಬ ಈಚೆಗೆ ತನ್ನ ವಂಶವೃಕ್ಷದ ಫೈಲ್ ಕಳಿಸಿದ್ದ. ಅದರ ಪ್ರಕಾರ ಅವನ ಪೂರ್ವಜರೊಬ್ಬರು ತೀರಿಕೊಂಡಿದ್ದು 1740ರ ಆಗಸ್ಟ್‌ನಲ್ಲಿ. ಉಯಿಲಿಗೆ ಸಹಿ ಹಾಕಿದ್ದು ಸೆಪ್ಟೆಂಬರ್‌ನಲ್ಲಿ! 'ಎರಡರಲ್ಲಿ ಯಾವ ದಾಖಲೆ ಸುಳ್ಳು?' ಅಂತ ಅವನ ಪ್ರಶ್ನೆ.

ಎರಡೂ ಸುಳ್ಳಲ್ಲ. ಕೋಡ್ ಬರೆದವರಿಗೆ ಗೊತ್ತಿರುವ ರೋಗವೇ ಇದು: ಡೇಟಾ ಸರಿಯಿದೆ, ನಾವು ಓದಿದ ಫಾರ್ಮ್ಯಾಟ್ ತಪ್ಪು.

ಆ ಪೂರ್ವಜರು ಕ್ವೇಕರ್. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಕ್ರೈಸ್ತ ಪಂಗಡಕ್ಕೆ ಪುರೋಹಿತರು ಬೇಡ, ಯುದ್ಧ ಬೇಡ. ರೋಮನ್ ದೇವರುಗಳ ಹೆಸರು ಹೊತ್ತ ತಿಂಗಳೂ ಬೇಡ. ಹಾಗಾಗಿ ಅವರು ತಿಂಗಳಿಗೆ ನಂಬರ್ ಕೊಟ್ಟರು. 1752ಕ್ಕೆ ಮುಂಚೆ ಬ್ರಿಟಿಷ್ ವಸಾಹತುಗಳಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ, ಆದ್ದರಿಂದ ಮೊದಲ ತಿಂಗಳು ಮಾರ್ಚ್. ಎಂಟನೇ ತಿಂಗಳು ಅಕ್ಟೋಬರ್. ನೆನಪಿಡೋಕೆ ನಮಗೆ ಸುಲಭದ ದಾರಿಯಿದೆ: ಸಪ್ತ–ಸೆಪ್ಟೆಂಬರ್, ಅಷ್ಟ–ಅಕ್ಟೋಬರ್, ನವ–ನವೆಂಬರ್, ದಶ–ಡಿಸೆಂಬರ್. ಗೆಳೆಯನ ಅಜ್ಜ ಸೆಪ್ಟೆಂಬರ್‌ನಲ್ಲಿ ಉಯಿಲು ಬರೆದು ಅಕ್ಟೋಬರ್‌ನಲ್ಲಿ ತೀರಿಕೊಂಡಿದ್ದರು, ಅಷ್ಟೇ.

ಊರು ಬಿಡೋಕೂ ಟಿಸಿ

1681ರಲ್ಲಿ ವಿಲಿಯಂ ಪೆನ್‌ಗೆ ಪೆನ್ಸಿಲ್ವೇನಿಯಾದ ಸನ್ನದು ಸಿಕ್ಕಿತು. ಕ್ವೇಕರ್‌ಗಳು ಹಡಗು ಹಡಗಾಗಿ ಬಂದರು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಅಲ್ಲಿ ಜಮೀನು ದುಬಾರಿಯಾಯಿತು. ಅಗ್ಗದ ನೆಲ ಹುಡುಕಿ ಕುಟುಂಬಗಳು ಗಾಡಿ ಕಟ್ಟಿಕೊಂಡು ನೈಋತ್ಯಕ್ಕೆ ಹೊರಟವು. ಫಿಲಡೆಲ್ಫಿಯಾದಿಂದ ಲ್ಯಾಂಕಾಸ್ಟರ್, ಪೊಟೊಮ್ಯಾಕ್ ನದಿ ದಾಟಿ ವರ್ಜೀನಿಯಾದ ಶೆನಂಡೋವಾ ಕಣಿವೆ, ಅಲ್ಲಿಂದ ಉತ್ತರ ಕೆರೊಲಿನಾದ ಒಳನಾಡು.

ಆ ಒಳನಾಡಲ್ಲಿ ಸರ್ಕಾರ ಜನನ ಪ್ರಮಾಣಪತ್ರ ಕೊಡುತ್ತಿರಲಿಲ್ಲ. ಕೋರ್ಟ್ ದೂರ, ಚರ್ಚ್ ಅಪರೂಪ. ಬೇರೆಯವರ ಜಾಡು ಅಳಿಸಿಹೋಗುವ ಇಂಥ ಜಾಗದಲ್ಲಿ ಕ್ವೇಕರ್‌ಗಳ ಜಾಡು ಉಳಿಯಿತು. ಕಾರಣ ಅವರ 'ಮಂತ್ಲಿ ಮೀಟಿಂಗ್'. ಜನನ, ಮರಣ, ಮದುವೆ ಎಲ್ಲವನ್ನೂ ಅದು ಬರೆದಿಡುತ್ತಿತ್ತು. ಮದುವೆ ಪತ್ರಕ್ಕೆ ಬಂದ ನೆಂಟರಿಷ್ಟರೂ ಸಹಿ ಹಾಕಬೇಕಿತ್ತು.

ಊರು ಬಿಡುವವರು ನಾವು ಶಾಲೆಯಿಂದ ಟಿಸಿ ತಗೊಂಡ ಹಾಗೆ ಒಂದು ಪತ್ರ ತಗೋಬೇಕಿತ್ತು. ನಡತೆ ಸರಿಯಿದೆ, ಸಾಲ ತೀರಿಸಿದ್ದಾರೆ, ಬೇರೆ ಯಾರಿಗೂ ಮದುವೆಯ ಮಾತು ಕೊಟ್ಟಿಲ್ಲ ಅಂತ ಅದರಲ್ಲಿರುತ್ತಿತ್ತು. ಕೊಟ್ಟ ಕಡೆಯೂ ನಮೂದು, ತಗೊಂಡ ಕಡೆಯೂ ನಮೂದು. ಎರಡು ತುದಿ ಜೋಡಿಸಿದರೆ ವಲಸೆಯ ದಾರಿ ಸಿಗುತ್ತದೆ.

ಇಲ್ಲೊಂದು ಎಚ್ಚರಿಕೆ. ಮೀಟಿಂಗ್ ಬದಲಾಯಿತು ಅಂದ ಮಾತ್ರಕ್ಕೆ ಮನೆ ಬದಲಾಯಿತು ಅಂತಲ್ಲ. ಉತ್ತರ ಕೆರೊಲಿನಾದಲ್ಲಿ 1751ರಲ್ಲಿ ಶುರುವಾದ ಕೇನ್ ಕ್ರೀಕ್ ಮೀಟಿಂಗ್‌ನಿಂದ 1754ರಲ್ಲಿ ನ್ಯೂ ಗಾರ್ಡನ್ ಬೇರೆಯಾಯಿತು. ನಮ್ಮಲ್ಲಿ ತಾಲೂಕು ಒಡೆದಾಗ ಆಗುವ ಹಾಗೆ, ಕೂತಲ್ಲೇ ಕೂತ ಕುಟುಂಬವೂ ಕಾಗದದಲ್ಲಿ ವಲಸೆ ಹೋದಂತೆ ಕಾಣುತ್ತದೆ.

ತಪ್ಪು ಮಾಡಿದವರೇ ಹೆಚ್ಚು ಸಿಗುತ್ತಾರೆ

ಸಾಧುವಾಗಿ ಬದುಕಿದವರ ಬಗ್ಗೆ ಈ ಪುಸ್ತಕಗಳಲ್ಲಿ ಒಂದೆರಡು ಸಾಲು ಇದ್ದರೆ ಹೆಚ್ಚು. ಕುಡಿದವರು, ಬಂದೂಕು ಹಿಡಿದವರು, ಪಂಗಡದ ಹೊರಗೆ ಮದುವೆಯಾದವರ ಬಗ್ಗೆ ತಿಂಗಳುಗಟ್ಟಲೆ ಚರ್ಚೆ. ತಪ್ಪೊಪ್ಪಿಗೆ ಬರೆದುಕೊಟ್ಟರೆ ಉಳಿಯಬಹುದು, ಇಲ್ಲದಿದ್ದರೆ ಸದಸ್ಯತ್ವ ರದ್ದು.

ಗಡಿನಾಡಿನ ವೀರ ಅಂತ ಅಮೆರಿಕ ಕೊಂಡಾಡುವ ಡೇನಿಯಲ್ ಬೂನ್ ಮನೆ ಕತೆಯೂ ಇದೇ. ಅವನ ಅಪ್ಪ ಸ್ಕ್ವೈರ್ ಬೂನ್ ಪೆನ್ಸಿಲ್ವೇನಿಯಾದ ಎಕ್ಸೆಟರ್ ಮೀಟಿಂಗ್‌ನವರು. ಮಗಳು 1742ರಲ್ಲಿ ಹೊರಗಿನವನನ್ನು ಮದುವೆಯಾದಾಗ ತಪ್ಪೊಪ್ಪಿಕೊಂಡರು. 1747ರಲ್ಲಿ ಮಗ ಇಸ್ರೇಲ್ ಅದನ್ನೇ ಮಾಡಿದಾಗ ಬಾಗಲಿಲ್ಲ, ಅವರನ್ನು ಹೊರಹಾಕಲಾಯಿತು. 1750ರಲ್ಲಿ ಕುಟುಂಬ ದಕ್ಷಿಣಕ್ಕೆ ಹೊರಟಿತು. ಆದರೆ ಹೆಂಡತಿ ಸಾರಾ ಸದಸ್ಯೆಯಾಗಿಯೇ ಉಳಿದರು. ಇದರಲ್ಲಿ ಹುಡುಕುವವರಿಗೆ ಒಂದು ಪಾಠವಿದೆ. ಗಂಡಸಿನ ಜಾಡು ತಪ್ಪಿದರೆ ಹೆಂಗಸರ ಮೀಟಿಂಗ್‌ನ ನಡಾವಳಿ ತೆಗೆದು ನೋಡಬೇಕು. ಅವರ ಸಭೆಯೇ ಬೇರೆ, ಪುಸ್ತಕವೇ ಬೇರೆ. ಬಹಳ ಜನ ಅದನ್ನು ತೆರೆಯೋದೇ ಇಲ್ಲ.

ಒಪೆರಾ ಗಾಯಕರಾಗಿದ್ದ ವಿಲಿಯಂ ವೇಡ್ ಹಿನ್‌ಶಾ ಈ ದಾಖಲೆಗಳ ಸಾರವನ್ನು 1936ರಿಂದ ಸಂಪುಟಗಳಾಗಿ ತಂದರು. ಮೊದಲ ಸಂಪುಟದಲ್ಲೇ ಉತ್ತರ ಕೆರೊಲಿನಾ ಇದೆ. ಹುಡುಕಾಟ ಅಲ್ಲಿ ಶುರು ಮಾಡಿ, ಅಲ್ಲೇ ಮುಗಿಸಬೇಡಿ. ಸಾರದಲ್ಲಿ 'ಹೊರಹಾಕಲಾಯಿತು' ಅಂತ ಒಂದು ಪದ ಇರುತ್ತೆ. ಯಾಕೆ ಅನ್ನೋದು ಮೂಲದಲ್ಲಿರುತ್ತೆ. ಸ್ವಾರ್ತ್‌ಮೋರ್, ಹ್ಯಾವರ್‌ಫರ್ಡ್, ಗಿಲ್‌ಫರ್ಡ್ ಕಾಲೇಜುಗಳ ಸಂಗ್ರಹಗಳು ಇರುವುದೇ ಅದಕ್ಕೆ.

ಪುಸ್ತಕದಲ್ಲಿ ಇಲ್ಲದವರು

ಇಷ್ಟು ಅಚ್ಚುಕಟ್ಟಾದ ದಾಖಲೆ ನೋಡಿದಾಗ ನನ್ನೊಳಗಿನ ಎಂಜಿನಿಯರ್‌ಗೆ ಖುಷಿಯಾಗುತ್ತೆ. ಪತ್ರಕರ್ತನಿಗೆ ಅನುಮಾನ. ಆ ಗಾಡಿ ದಾರಿ ಬಹುಪಾಲು ಮೂಲನಿವಾಸಿಗಳು ನಡೆದು ಮಾಡಿದ ಹಾದಿ. ಅವರಿಗೆ ಈ ಪುಸ್ತಕದಲ್ಲಿ ವಂಶವೃಕ್ಷವಿಲ್ಲ. ಗುಲಾಮರನ್ನು ಇಟ್ಟುಕೊಂಡ ಕ್ವೇಕರ್‌ಗಳೂ ಇದ್ದರು. ಅವರನ್ನು ಹೊರಹಾಕುವ ತೀರ್ಮಾನಕ್ಕೆ ಫಿಲಡೆಲ್ಫಿಯಾದ ವಾರ್ಷಿಕ ಸಭೆ ಬಂದಿದ್ದು 1776ರಲ್ಲಿ. ಒಡೆಯನ ಮೊಮ್ಮಕ್ಕಳಿಗೆ ಇವತ್ತು ಅಜ್ಜನ ಹುಟ್ಟಿದ ದಿನವೂ ಸಿಗುತ್ತದೆ. ಆ ಮನೆಯಲ್ಲಿ ದುಡಿದವಳ ಮೊಮ್ಮಕ್ಕಳಿಗೆ ಅನೇಕ ಸಲ ಅಜ್ಜಿಯ ಪೂರ್ತಿ ಹೆಸರೂ ಸಿಗುವುದಿಲ್ಲ.

ಗೆಳೆಯನಿಗೆ ಇದನ್ನೇ ಬರೆದೆ. ಆಗಸ್ಟ್ ತೆಗೆದು ಅಕ್ಟೋಬರ್ ಮಾಡು, ಆಮೇಲೆ ಆ ಉಯಿಲನ್ನು ಪೂರ್ತಿ ಓದು. ಯಾರ್ಯಾರಿಗೆ ಏನು ಬಿಟ್ಟುಹೋದರು ಅಂತ ಮಾತ್ರ ನೋಡಬೇಡ. ಬಿಟ್ಟುಹೋದ ಆಸ್ತಿಯ ಪಟ್ಟಿಯಲ್ಲಿ ಮನುಷ್ಯರ ಹೆಸರಿದೆಯಾ ಅಂತಲೂ ನೋಡು.