ಕಲಿಯುವ ವೈದ್ಯರ ದಣಿವು

ವೈದ್ಯರೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸಾಮಾನ್ಯವಾಗಿ ತಲೆ ನರೆತ, ಕೈ ನುರಿತ ವ್ಯಕ್ತಿಯ ಚಿತ್ರ. ಆದರೆ ದೊಡ್ಡ ಬೋಧನಾ ಆಸ್ಪತ್ರೆಯೊಂದರಲ್ಲಿ ನಡುರಾತ್ರಿ ರೋಗಿಯ ಮಗ್ಗುಲಲ್ಲಿ ನಿಂತವರು ಯಾರೆಂದು ನೋಡಿದರೆ, ಬಹುಮಟ್ಟಿಗೆ ಮೂವತ್ತರೊಳಗಿನ ತರುಣ ತರುಣಿಯರೇ ಕಾಣಸಿಗುತ್ತಾರೆ. ವೈದ್ಯಶಿಕ್ಷಣದ ಕೊನೆಯ ವರ್ಷವನ್ನು ಆಸ್ಪತ್ರೆಯ ದುಡಿಮೆಯಲ್ಲಿ ಕಳೆಯುವ ಹೌಸ್ ಸರ್ಜನ್‌ಗಳು ಕೆಲವರು, ಎಂ.ಡಿ., ಎಂ.ಎಸ್. ಪದವಿಗಳಿಗಾಗಿ ಮೂರು ವರ್ಷ ಅಭ್ಯಾಸಮಾಡುವ ರೆಸಿಡೆಂಟ್ ಡಾಕ್ಟರುಗಳು ಉಳಿದವರು. ಇವರು ವಿದ್ಯಾರ್ಥಿಗಳೂ ಹೌದು, ದುಡಿಯುವ ಆಳುಗಳೂ ಹೌದು. 2020ರಲ್ಲಿ ಕೋವಿಡ್-19 ಮಹಾಮಾರಿಯು ನಮ್ಮ ದೇಶವನ್ನು ಹೊಕ್ಕಾಗ ಆಸ್ಪತ್ರೆಗಳ ಭಾರದ ಬಹುಪಾಲು ಇವರ ಹೆಗಲಿಗೇ ಬಿದ್ದಿತು. ಆಗ ಇವರ ಮನಸ್ಸಿಗೆ ಒದಗಿದ್ದೇನು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಭಯವೇ ಎಲ್ಲಕ್ಕೂ ಕಾರಣವೆಂದು ಯಾರಿಗಾದರೂ ತೋರುವುದು ಸಹಜ. ಭಯವಿದ್ದುದೂ ನಿಜ. ರೋಗ ಹೊಸದು, ಔಷಧ ಗೊತ್ತಿಲ್ಲ, ತಲೆಯಿಂದ ಕಾಲಿನವರೆಗೆ ಮುಚ್ಚುವ ಪಿ.ಪಿ.ಇ. ಕಿಟ್ಟಿನೊಳಗೆ ಬೆವರುತ್ತ, ನೀರೂ ಕುಡಿಯದೆ ಗಂಟೆಗಟ್ಟಲೆ ನಿಲ್ಲಬೇಕು. ಮನೆಗೆ ಹೋದರೆ ತಂದೆ ತಾಯಿಗಳಿಗೆ ರೋಗ ಹತ್ತೀತೆಂಬ ಅಂಜಿಕೆ. ವೈದ್ಯರ ಮೇಲೆಯೇ ಜನರು ಕೈಮಾಡುವುದು ಹೆಚ್ಚಿದ್ದರಿಂದ 2020ರ ಏಪ್ರಿಲ್ 22ರಂದು ಕೇಂದ್ರ ಸರ್ಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಆದರೆ ಭಯಕ್ಕೆ ಒಂದು ಗುಣವುಂಟು: ತಿಳಿವಳಿಕೆ ಬೆಳೆದಂತೆ ಅದು ಇಳಿಯುತ್ತದೆ. 2021ರ ಜನವರಿಯಲ್ಲಿ ಆರೋಗ್ಯ ಕಾರ್ಯಕರ್ತರಿಗೆ ಮೊಟ್ಟಮೊದಲು ಲಸಿಕೆಯೂ ದೊರೆಯಿತು. ಇಳಿಯದೆ ಉಳಿದದ್ದು ದಣಿವು. ನಮ್ಮ ಅಭಿಪ್ರಾಯದಲ್ಲಿ ಈ ಕಥೆಯ ತಿರುಳು ಇರುವುದು ಅಲ್ಲಿಯೇ.

ದಣಿವೆಂಬುದು ಕೇವಲ ಮೈ ನೋವಲ್ಲ. ಅಪಾಯವನ್ನು ಅರಿತೊಡನೆ ಮಿದುಳಿನ ಹೈಪೊಥಲಾಮಸ್ ಭಾಗವು ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಅದು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಗೆ ಸಂದೇಶ ಕಳುಹುತ್ತದೆ. ಅಲ್ಲಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಆರೋಗ್ಯವಂತರಲ್ಲಿ ಇದರ ಪ್ರಮಾಣ ಮುಂಜಾನೆ ಏರಿ ನಡುರಾತ್ರಿಯ ಸುಮಾರಿಗೆ ತೀರ ಇಳಿದಿರುವುದು. ಹಗಲು ರಾತ್ರಿಗಳನ್ನು ಕಲಸಿಬಿಡುವ ಸರದಿಯ ಕೆಲಸವು ಈ ಏರಿಳಿತವನ್ನು ಕೆಡಿಸಬಲ್ಲದು. ನಿದ್ರೆಗೆಟ್ಟರೆ ಮರುದಿನ ಗಮನವೂ ಕುಗ್ಗುತ್ತದೆ, ತಾಳ್ಮೆಯೂ ಕುಗ್ಗುತ್ತದೆ. ಆಸ್ಟ್ರೇಲಿಯದಲ್ಲಿ ಡಾಸನ್ ಮತ್ತು ರೀಡ್ ಎಂಬ ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನೆಯತಕ್ಕದ್ದು. 17 ಗಂಟೆ ಎಡೆಬಿಡದೆ ಎಚ್ಚರವಿದ್ದವರ ಕೈಗಣ್ಣುಗಳ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿದ್ದವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆಗಳಾದಾಗ 100 ಮಿಲಿಗ್ರಾಮಿನವರ ಮಟ್ಟಕ್ಕೆ. ನಮ್ಮ ದೇಶದ ಕಾಯಿದೆಯಂತೆ 30 ಮಿಲಿಗ್ರಾಂ ಮೀರಿದವನು ಮೋಟಾರು ನಡೆಸಕೂಡದು. ಅಂಥ ಸ್ಥಿತಿಯಲ್ಲಿ ಔಷಧದ ಪ್ರಮಾಣವನ್ನು ಲೆಕ್ಕಹಾಕಲು ಮಾತ್ರ ಯಾವ ಅಡ್ಡಿಯೂ ಇಲ್ಲ!

ಈ ದಣಿವಿಗೆ 2021ರಲ್ಲಿ ಇನ್ನೊಂದು ಕಾರಣ ಕೂಡಿಕೊಂಡಿತು. ರೆಸಿಡೆಂಟರ ವ್ಯವಸ್ಥೆ ಮೂರು ಮೆಟ್ಟಿಲಿನದು. ರಕ್ತ ತೆಗೆಯುವುದು, ಕೇಸ್ ಶೀಟ್ ಬರೆಯುವುದು, ವರದಿಗಳ ಬೆನ್ನುಹತ್ತುವುದು ಮೊದಲ ವರ್ಷದವರ ಪಾಲು. ಹೊಸಬರು ಬಂದಾಗ ಹಳಬರು ಒಂದು ಮೆಟ್ಟಿಲು ಮೇಲೇರುತ್ತಾರೆ. ಆ ವರ್ಷ ಏಪ್ರಿಲ್ 18ರಂದು ನಡೆಯಬೇಕಿದ್ದ ನೀಟ್-ಪಿಜಿ ಪ್ರವೇಶ ಪರೀಕ್ಷೆ ಮುಂದೂಡಲ್ಪಟ್ಟು ಸೆಪ್ಟೆಂಬರ್ 11ರಂದು ನಡೆಯಿತು. ಬಳಿಕ ಮೀಸಲಾತಿಯ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದಲ್ಲಿದ್ದುದರಿಂದ ಸೀಟುಗಳ ಹಂಚಿಕೆ ಪ್ರಾರಂಭವಾದದ್ದು 2022ರ ಜನವರಿ 12ರಂದು. ಅಷ್ಟು ಕಾಲ ಹೊಸಬರ ತಂಡವೇ ಇರಲಿಲ್ಲ. ಮೂವರು ಹೊರುವ ಹೊರೆಯನ್ನು ಇಬ್ಬರು ಹೊತ್ತರು. ದೆಹಲಿಯಲ್ಲಿ ರೆಸಿಡೆಂಟರು 2021ರ ಕೊನೆಯ ತಿಂಗಳುಗಳಲ್ಲಿ ಬೀದಿಗಿಳಿದದ್ದು ಸಂಬಳಕ್ಕಾಗಿ ಅಲ್ಲ, ಜೊತೆಗಾರರು ಬೇಕೆಂದು. ಇತ್ತ ಶಸ್ತ್ರವೈದ್ಯವನ್ನು ಕಲಿಯಬಂದವರ ಸಂಕಟ ಬೇರೆ. ತುರ್ತಲ್ಲದ ಶಸ್ತ್ರಕ್ರಿಯೆಗಳು ನಿಂತುಹೋದುದರಿಂದ ಅವರು ಕೋವಿಡ್ ವಾರ್ಡುಗಳಲ್ಲಿ ದಿನ ಕಳೆದರು. ಪದವಿಯೇನೋ ಬರುತ್ತದೆ, ವಿದ್ಯೆ ಬರುತ್ತದೆಯೇ ಎಂಬ ಚಿಂತೆ ಅವರನ್ನು ಕಾಡದಿದ್ದೀತೆ?

ಮನಸ್ಸನ್ನು ಎಲ್ಲಕ್ಕಿಂತ ಆಳವಾಗಿ ಕೊರೆಯುವ ಸಂಗತಿ ಇನ್ನೊಂದಿದೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಯೋಧರನ್ನು ಉಪಚರಿಸುತ್ತಿದ್ದ ಅಮೆರಿಕದ ಮನೋವೈದ್ಯ ಜೊನಾಥನ್ ಶೇ ಎಂಬವರು ಅದನ್ನು ನೈತಿಕ ಗಾಯವೆಂದು ಕರೆದರು. ಸರಿಯಾದದ್ದು ಯಾವುದೆಂದು ತಿಳಿದಿದ್ದೂ ಅದನ್ನು ಮಾಡಲಾಗದೆ ಹೋದಾಗ ಅಂತಃಕರಣಕ್ಕೆ ತಗಲುವ ಪೆಟ್ಟು ಅದು. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಹಾಸಿಗೆಗೂ ಆಮ್ಲಜನಕಕ್ಕೂ ಬರ ಬಂದಾಗ, ‘ಜಾಗವಿಲ್ಲ’ ಎಂಬ ಮಾತನ್ನು ಬಾಗಿಲಲ್ಲಿ ನಿಂತು ಹೇಳಬೇಕಾದವರು ಹೆಚ್ಚಾಗಿ ಈ ಕಿರಿಯರೇ. ಹಾಸಿಗೆಗಳೆಷ್ಟಿರಬೇಕೆಂದು ನಿರ್ಧರಿಸುವ ಅಧಿಕಾರ ಅವರಿಗಿರಲಿಲ್ಲ. ಬಂಧುಗಳ ಕಣ್ಣೀರಿಗೂ ಕೋಪಕ್ಕೂ ಎದುರಾದವರು ಮಾತ್ರ ಅವರು.

ಇವೆಲ್ಲವೂ ಬಹುಕಾಲ ಮುಂದುವರಿದಾಗ ಉಂಟಾಗುವ ಅವಸ್ಥೆಗೆ ಬರ್ನ್‌ಔಟ್ ಎಂಬ ಹೆಸರಿದೆ. ಎಣ್ಣೆ ತೀರಿದ ಹಣತೆಯಲ್ಲಿ ಬತ್ತಿಯೇ ಸುಟ್ಟುಹೋಗುವುದಷ್ಟೆ, ಹಾಗೆ. ಕ್ರಿಸ್ಟೀನಾ ಮಾಸ್ಲಾಕ್ ಎಂಬ ಮನಶ್ಶಾಸ್ತ್ರಜ್ಞೆ ಇದಕ್ಕೆ ಮೂರು ಲಕ್ಷಣಗಳನ್ನು ಹೇಳಿದ್ದಾರೆ: ಭಾವನೆಗಳು ಬತ್ತುವುದು, ರೋಗಿಗಳು ಮನುಷ್ಯರಾಗಿ ಕಾಣದೆ ‘ಹಾಸಿಗೆ ನಂಬರು’ಗಳಾಗಿ ಕಾಣುವುದು, ತನ್ನಿಂದ ಏನೂ ಆಗದೆಂಬ ನಿರಾಶೆ. ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ರೋಗವೆಂದು ಎಣಿಸದೆ, ಉದ್ಯೋಗಕ್ಕೆ ಸಂಬಂಧಪಟ್ಟ ವಿದ್ಯಮಾನವೆಂದು ಎಣಿಸಿರುವುದನ್ನು ಗಮನಿಸಬೇಕು. ದೋಷವನ್ನು ಕೆಲಸಗಾರನ ಎದೆಗಾರಿಕೆಯಲ್ಲಿ ಮಾತ್ರವಲ್ಲ, ಕೆಲಸದ ಏರ್ಪಾಟಿನಲ್ಲಿಯೂ ಹುಡುಕಬೇಕೆಂದು ಇದರಿಂದ ತಿಳಿಯುತ್ತದೆ. 2003ರಲ್ಲಿ ಸಾರ್ಸ್ ರೋಗ ಹಬ್ಬಿದ ಟೊರಾಂಟೊ ನಗರದಲ್ಲಿ ದೊರೆತ ಸಾಕ್ಷ್ಯವೂ ಅಂತಹುದೇ. ಒಂದೆರಡು ವರ್ಷಗಳ ಮೇಲೂ ಅಲ್ಲಿನ ಆಸ್ಪತ್ರೆಗಳ ಸಿಬ್ಬಂದಿಯಲ್ಲಿ ಮನಃಕ್ಲೇಶ ಉಳಿದಿತ್ತು. ತಮಗೆ ಸಾಕಷ್ಟು ತರಬೇತಿಯೂ ಬೆಂಬಲವೂ ದೊರೆತವೆಂದು ಭಾವಿಸಿದವರಲ್ಲಿ ಅದು ಕಡಮೆಯಿತ್ತು.

ಮಹಾಮಾರಿ ತಗ್ಗಿದ ಮೇಲೆ ನಮ್ಮಲ್ಲಿಯೂ ಎಣಿಕೆ ನಡೆಯಿತು. ರಾಷ್ಟ್ರೀಯ ವೈದ್ಯಕೀಯ ಆಯೋಗವು ನೇಮಿಸಿದ ಕಾರ್ಯಪಡೆಯೊಂದು 2024ರಲ್ಲಿ ವರದಿ ನೀಡಿತು. ಅದರ ಅಧ್ಯಕ್ಷರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯರಾದ ಡಾ. ಸುರೇಶ್ ಬಡ ಮಠ. ಉತ್ತರಿಸಿದ 5,337 ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ನೂರಕ್ಕೆ 15.3ರಷ್ಟು ಮಂದಿ, 25,590 ಪದವಿ ವಿದ್ಯಾರ್ಥಿಗಳಲ್ಲಿ ನೂರಕ್ಕೆ 27.8ರಷ್ಟು ಮಂದಿ, ತಮಗೆ ಮಾನಸಿಕ ತೊಂದರೆಯಿರುವುದಾಗಿ ತಿಳಿಸಿದರು. ತಾವಾಗಿ ಉತ್ತರಿಸಿದವರ ಎಣಿಕೆ ಇದಾದುದರಿಂದ ಇಡೀ ದೇಶಕ್ಕೆ ಇದೇ ಪ್ರಮಾಣವೆಂದು ಹೇಳಲಾಗದು. ಅಲಕ್ಷಿಸುವಷ್ಟು ಸಣ್ಣದೂ ಅಲ್ಲ. ವಾರದ ದುಡಿಮೆ 74 ಗಂಟೆ ಮೀರದಿರಲಿ, ವಾರಕ್ಕೊಂದು ರಜೆ ಸಿಗಲಿ ಎಂದು ಕಾರ್ಯಪಡೆ ಸೂಚಿಸಿತು. ಆದರೆ ಕಿರಿಯ ರೆಸಿಡೆಂಟರು ವಾರಕ್ಕೆ ಸಾಮಾನ್ಯವಾಗಿ 48 ಗಂಟೆ, ಒಮ್ಮೆಗೆ 12 ಗಂಟೆ ಮೀರದಂತೆ ದುಡಿಯತಕ್ಕದ್ದೆಂದು ಕೇಂದ್ರ ಸರ್ಕಾರವು 1992ರಲ್ಲಿಯೇ ನಿರ್ದೇಶಿಸಿತ್ತು! ಮೂವತ್ತೆರಡು ವರ್ಷಗಳಲ್ಲಿ ಮಿತಿಯು ಇಳಿಯುವ ಬದಲು ಏರಿರುವ ವೈಚಿತ್ರ್ಯವನ್ನು ವಾಚಕರು ನೋಡಬಹುದು.

ಮುಂದೆ ವೈದ್ಯರಾಗಬೇಕೆಂದಿರುವವರು ಈ ಪುಟಗಳ ವಾಚಕರಲ್ಲಿ ಇದ್ದೇ ಇರುತ್ತಾರೆ. ಗೆಳೆಯನೊಬ್ಬನು ನಿದ್ರೆಗೆಟ್ಟು, ಊಟ ಬಿಟ್ಟು, ಮಾತು ಕಡಮೆಮಾಡಿ, ಬದುಕು ಬೇಡವೆಂಬಂತೆ ಆಡತೊಡಗಿದರೆ ಅದನ್ನು ಸೋಮಾರಿತನವೆಂದು ಎಣಿಸಕೂಡದು, ಒಂಟಿಯಾಗಿ ಬಿಡಲೂಕೂಡದು. 2022ರ ಅಕ್ಟೋಬರಿನಲ್ಲಿ ಪ್ರಾರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆಯ ಸಂಖ್ಯೆ 14416. ಹಗಲಿರುಳೂ, ಕನ್ನಡದಲ್ಲಿಯೂ, ಬಿಟ್ಟಿಯಾಗಿ ಅಲ್ಲಿ ಸಲಹೆ ದೊರೆಯುತ್ತದೆ.